ಬಿಚ್ಚುವ ತುದಿ

ಒಗೆದು ಒಣಗಿಸಿ ತಂದ ಹಸಿರು ಬಟ್ಟೆಯ ಬಿಸಿ ಅಂಗೈಗೆ ತಗುಲಿತು, ಬರೀ ಬಿಸಿ, ಜುಮುಜುಮು ಇಲ್ಲ — ಇಲ್ಲವೇ, ಕಿರುಬೆರಳಲ್ಲಿ ಏನೋ ಇದೆಯಲ್ಲ, ಅಲ್ಲ, ಅದು ಹೊಲಿಗೆಯ ಅಂಚು ಒತ್ತಿದ್ದು, ಅವಳು ನಾಲಿಗೆಯಿಂದ ತುಟಿ ಸವರಿ ನೋಡಿಕೊಂಡಳು, ತುಟಿಯೂ ಸುಮ್ಮನಿದೆ, ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿ ಇವತ್ತಿಗೆ ಮೂರು ದಿನ, ಬೆಳಿಗ್ಗೆ ಕೊಟ್ಟ ರಕ್ತದ ಫಲಿತಾಂಶ ಹನ್ನೆರಡಕ್ಕೆ, ಅಷ್ಟರೊಳಗೆ ಆಪರೇಷನ್ ಕೋಣೆಗೆ ಉಪಕರಣದ ಆರು ಕಟ್ಟು ಆಗಬೇಕು, ಕತ್ತರಿ, ಇಕ್ಕಳ, ಮತ್ತೆ ಇಕ್ಕಳ, ಹತ್ತಿರದ ಮೂಲೆ ಮೇಲಕ್ಕೆ, ಎಡ, ಬಲ, ಆಚೆಯ ಮೂಲೆ ತಂದು ಸಿಕ್ಕಿಸಿ ತುದಿ ಮಾತ್ರ ಎರಡು ಬೆರಳಷ್ಟು ಹೊರಗೆ — ಇಪ್ಪತ್ತೆರಡು ವರ್ಷ ಹೀಗೆ ಮಡಚಿದ ಕೈ ಕಳೆದ ತಿಂಗಳು ಕೊಕ್ಕಿನಂತೆ ಸೆಟೆದುಕೊಂಡಿತ್ತು, ಗಂಡ ಒಂದೊಂದೇ ಬೆರಳು ಸಡಿಲಿಸುತ್ತ, ನನ್ನ ತಲೆಗೆ ಕುಟ್ಟೋಕೇ ಹಿಂಗೆ ಮಾಡಿದೀಯ ಅಂದ್ಕೊಂಡೆ ಎಂದು ನಗಿಸಹೋಗಿ ತಾನೇ ಕಣ್ಣೊರೆಸಿಕೊಂಡ, ಪುಣ್ಯಾತ್ಮ, ಥೈರಾಯ್ಡ್ ಗಡ್ಡೆ ತೆಗೆದರೆ ಮುಗಿಯಿತು ಎಂದುಕೊಂಡಿದ್ದರು ಇಬ್ಬರೂ, ಅದರ ಬೆನ್ನಿಗೆ ಅಕ್ಕಿಕಾಳಿನಂಥ ನಾಲ್ಕು ಗ್ರಂಥಿಗಳಿರುತ್ತವೆ, ರಕ್ತದ ಕ್ಯಾಲ್ಸಿಯಂ ಕಾಯುವುದು ಅವೇ, ಅದು ಇಳಿದರೆ ಕೈ ಹೀಗೆ ಸೆಟೆಯುತ್ತದೆ ಎಂದು ಯಾರಿಗೆ ಗೊತ್ತಿತ್ತು, ನಾಲ್ಕೂ ಗಡ್ಡೆಗೆ ಅಂಟಿಕೊಂಡೇ ಬಂದವಂತೆ, ಡಾಕ್ಟರಮ್ಮ ಒಂದನ್ನು ಬಿಡಿಸಿ, ಚೂರು ಮಾಡಿ, ಕತ್ತಿನ ಸ್ನಾಯುವಿನೊಳಗೆ ಸಿಕ್ಕಿಸಿಟ್ಟರು, ಅದು ಎದ್ದರೆ ಸರಿ, ಏಳದಿದ್ದರೆ ಜೀವಮಾನವೆಲ್ಲ ಮಾತ್ರೆ, ಈ ಮೇಜು ಬೇರೆಯವರಿಗೆ — ನೀವು ಮಾಡೋ ಕೆಲ್ಸಾನೇ ಅಕ್ಕ ಅದೂ ಮಾಡೋದು, ಚೀಟಿಯ ಹಿಂದೆ ಗೋಲ ಬರೆದು ಎಷ್ಟು ನಿಧಾನವಾಗಿ ಹೇಳಿದರು ಡಾಕ್ಟರಮ್ಮ, ಆ ತಾಯಿ, ಆ ಗ್ರಂಥಿಯ ಜೀವಕೋಶ ಹಾರ್ಮೋನಿನ ಉದ್ದನೆಯ ಎಳೆ ನೇಯುತ್ತದಂತೆ, ಎಳೆಯ ಹೆಚ್ಚಾದ ತಲೆ ಕತ್ತರಿಸುತ್ತದಂತೆ, ಈಗಲೇ ಹೊರಗೆ ಹೋಗುವುದು ಬೇರೆ, ಕಾಯಬೇಕಾದ್ದು ಬೇರೆ ಎಂದು ವಿಂಗಡಿಸುತ್ತದಂತೆ, ಕಾಯಬೇಕಾದ ಹಾರ್ಮೋನನ್ನು ಒತ್ತೊತ್ತಾಗಿ ತುಂಬಿ, ತೆಳ್ಳನೆಯ ಪೊರೆ ಸುತ್ತಿ, ಗೋಡೆಯ ಪಕ್ಕ ತಂದಿಡುತ್ತದೆ, ಕ್ಯಾಲ್ಸಿಯಂ ಇಳಿಯಿತೆಂಬ ಕರೆ ಬಂದಾಗ ಪೊರೆ ಗೋಡೆಗೆ ಬೆಸೆದು ಬಾಯಿ ಬಿಡುತ್ತದೆ, ಕರೆಯದೆ ಒಂದೂ ಬಿಚ್ಚುವುದಿಲ್ಲ — ದೊಡ್ಡಕ್ಕ ಕೇಳಿದ್ದರೆ ಕುಣಿದಾಡುತ್ತಿದ್ದಳು, ಈ ಮೇಜಿನಲ್ಲಿ ಕೆಲಸ ಕಲಿಸಿದ ದೊಡ್ಡಕ್ಕ, ಸೇರಿದ ಮೊದಲ ವಾರ ಚೆಂದ ಕಾಣಲಿ ಎಂದು ಇವಳು ತುದಿಯನ್ನೂ ಒಳಗೇ ತುರುಕಿದ್ದಳು, ಅಲ್ಲಿ ಡಾಕ್ಟರು ಕೈ ತೊಳೆದು ಎತ್ತಿಕೊಂಡು ನಿಂತಿದ್ದಾರೆ, ನರ್ಸ್ ಉಗುರಿನಿಂದ ಕೆದಕಿ ಕೆದಕಿ ಹಬೆಯಲ್ಲಿ ಶುದ್ಧಮಾಡಿದ ಇಡೀ ಕಟ್ಟು ಮೈಲಿಗೆ, ದೊಡ್ಡಕ್ಕ ಕಪಾಟಿನ ನಲವತ್ತು ಕಟ್ಟನ್ನೂ ಬಿಚ್ಚಿ ಸುರಿದು, ಮದುವೆ ಉಡುಗೊರೆ ಕಟ್ತಿದೀಯೇನೇ ಮಹಾರಾಣಿ, ಬಿಚ್ಚೋರ ಕೈ ನೆನೆಸ್ಕೊಂಡು ಮಡಚು — ಬೈದಳು, ಆಮೇಲೆ ಪಕ್ಕ ಕೂತು ನಲವತ್ತನ್ನೂ ಜೊತೆಗೇ ಮಡಚಿದಳು, ಆ ಕೈಗೊಂದು ನಮಸ್ಕಾರ, ಇವಳು ಆಪರೇಷನ್ ಮೇಜಿನ ಮೇಲೆ ಮಲಗಿ ನಿದ್ದೆಯ ಮದ್ದು ಏರುವ ಮುಂಚೆ ಕಂಡದ್ದೂ ಅದೇ, ಕಟ್ಟಿಗೆ ಅಂಟಿಸಿದ ಪಟ್ಟಿಯ ಮೇಲೆ ತನ್ನದೇ ಅಕ್ಷರದ ತಾರೀಖು, ನರ್ಸ್ ಎರಡು ಬೆರಳಲ್ಲಿ ತುದಿ ಹಿಡಿದಳು, ಎಳೆದಳು, ಹಸಿರು ಬಟ್ಟೆ ತಾನಾಗಿ ಅರಳಿತು — ಗೋಡೆಯ ಫೋನು, ಹನ್ನೆರಡೂ ಆಗಿಲ್ಲವಲ್ಲ, ಲ್ಯಾಬಿನ ಹುಡುಗಿ, ಅವಳೂ ಬೇಗ ಹೇಳಬೇಕೆಂದು ಓಡಿಬಂದಂತೆ ಏದುತ್ತಾಳೆ, ಅಕ್ಕಾ, ಕ್ಯಾಲ್ಸಿಯಂ ಇಳಿದಿಲ್ಲ, ಹಾರ್ಮೋನು ಹದಿನೆಂಟು, ಹದಿನೈದಿದ್ರೆ ಸಾಕು, ಚೂರೇ, ಆದ್ರೆ ನಿಮ್ಮದೇ ಅಕ್ಕ, ಇವಳು ಹೂಂ ಎಂದಳು, ನಿನ್ನ ಹೊಟ್ಟೆ ತಣ್ಣಗಿರಲಿ ಅನ್ನಬೇಕಿತ್ತು, ಕೈ ಆಗಲೇ ಆರನೆಯ ಕಟ್ಟಿನ ಮೇಲಿದೆ, ಎಡ, ಬಲ, ಆಚೆಯ ಮೂಲೆ, ಕತ್ತಿನ ಕತ್ತಲೆಯಲ್ಲಿ ಯಾವುದೋ ಒಂದು ಪುಟ್ಟ ಕಟ್ಟಿನ ತುದಿಯನ್ನು ಯಾರೋ ಹಿಡಿದರು, ಎಳೆದರು, ತುದಿ, ಎರಡು ಬೆರಳಷ್ಟು, ಹೊರಗೆ, ತುದಿ —