ಒಂದು ಗೇಣು ಜಾಗ

ಫಿಲ್ಟರಿನ ಡಬ್ಬಿಯ ಮುಚ್ಚಳ ಮತ್ತೊಮ್ಮೆ ಬಿಚ್ಚುತ್ತಿದ್ದಂತೆ ಒಳಗಿದ್ದ ಕೊಳಕು ನೀರೆಲ್ಲ ಅಪ್ಪನ ಮಡಿಲಿಗೇ ಸುರಿಯಿತು.

"ನಿಮ್ಮ ರಿಪೇರಿ ಮುಗಿಯೋದ್ರೊಳಗೆ ಈ ಮನೇನೇ ಅಕ್ವೇರಿಯಂ ಆಗುತ್ತೆ," ಎಂದಳು ಅಮ್ಮ, ಒರೆಸುವ ಬಟ್ಟೆ ಹಿಂಡುತ್ತ.

"ನೀನು ಸುಮ್ನಿರೆ!"

ಆಯುಷ್ಯವೆಲ್ಲ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡು ಕಿರುಚುತ್ತಿದ್ದವರನ್ನು ಬೆವರದೆ ಕೆಳಗಿಳಿಸಿ ಬಂದವನು. ಅಂಥವನ ಮಾನವನ್ನು ಈಗ ಒಂದು ಗಾಜಿನ ತೊಟ್ಟಿ ಕಳೆಯುತ್ತಿತ್ತು. ತೊಟ್ಟಿಯ ನೀರು ಒಂದು ಪೈಪಿನಲ್ಲಿ ಕೆಳಗಿನ ಕಪಾಟಿಗಿಳಿದು, ಡಬ್ಬಿಯ ಸ್ಪಂಜುಗಳಲ್ಲಿ ಸೋಸಿಕೊಂಡು, ಇನ್ನೊಂದು ಪೈಪಿನಲ್ಲಿ ಮೇಲೆ ಹೋಗಿ ಬೀಳಬೇಕು. ಬೀಳುತ್ತಿದ್ದದ್ದು ನೆಗಡಿಯಾದ ಮೂಗಿನಂತೆ ತೊಟತೊಟ. ಕಿತ್ತಳೆ ಬಣ್ಣದ ದಪ್ಪ ಮೀನುಗಳು ಬೆಳಗಿನಿಂದ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು.

ಸ್ಪಂಜು ತೊಳೆದಾಗಿತ್ತು. ನೀರೆತ್ತುವ ಪುಟ್ಟ ಚಕ್ರಕ್ಕೆ ಸುತ್ತಿದ್ದ ಪಾಚಿ ಕಿತ್ತಾಗಿತ್ತು. ಒಳಗೆ ಗಾಳಿ ಸಿಕ್ಕಿಕೊಂಡಿದೆಯೇನೋ ಎಂದು ಡಬ್ಬಿಯನ್ನು ಅತ್ತಿತ್ತ ವಾಲಿಸಿಯೂ ಆಗಿತ್ತು. ಮುಚ್ಚಳ ಬಿಗಿದು ಸ್ವಿಚ್ ಹಾಕಿದರೆ ಗುರ್ರ್ ಎನ್ನುವ ಸದ್ದಿಗೇನೂ ಕಮ್ಮಿಯಿಲ್ಲ. ನೀರು ಮಾತ್ರ ಅದೇ ತೊಟತೊಟ. ಅಪ್ಪ ಅಂಗೈಯಿಂದ ಡಬ್ಬಿಗೊಂದು ಬಿಟ್ಟ.

"ಹೊಡೀಬೇಡಪ್ಪಾ ಅದನ್ನ," ಎಂದಳು ಮಗಳು.

"ಮತ್ತೇನು, ಮುದ್ದು ಮಾಡ್ಲಾ?"

ಗಂಡನ ಮನೆ ಬಿಟ್ಟು ಬರುವಾಗ ಅವಳು ತಂದದ್ದು ಎರಡು ಸೂಟ್‌ಕೇಸು, ಈ ತೊಟ್ಟಿ, ಈ ಮೀನು. ಯಾಕೆ ಬಂದೆ ಎಂದು ಅಮ್ಮ ಕೇಳಿ, ಬಂದ ಉತ್ತರ ತಾಳಲಾರದೆ ಅತ್ತಿದ್ದಳು. ಅಪ್ಪ ಕೇಳಿರಲೇ ಇಲ್ಲ. ಸಿಟ್ಟಿಳಿದ ಮೇಲೆ ಹೋಗುತ್ತಾಳೆ ಎಂದು ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟಿದ್ದ.

ಸ್ಕ್ರೂಡ್ರೈವರ್ ಕೈಜಾರಿ ಕಾಲ ಹೆಬ್ಬೆರಳ ಮೇಲೆ ಬಿತ್ತು.

"ಥತ್! ಇನ್ನೆಷ್ಟು ದಿನಾಂತ ಇದು ಇಲ್ಲಿರುತ್ತೆ?"

"ಯಾವುದಪ್ಪಾ? ತೊಟ್ಟಿನಾ, ನಾನಾ?"

ನೆಲ ಒರೆಸುತ್ತಿದ್ದ ಅಮ್ಮನ ಕೈ ನಿಂತಿತು. ಅಪ್ಪ ಮಗಳ ಮುಖ ನೋಡಲಾರದೆ ತೊಟ್ಟಿಯ ಪಕ್ಕಕ್ಕೆ ಸರಿದು, ಕೆನ್ನೆಯನ್ನು ಗೋಡೆಗೆ ಒತ್ತಿ, ಸುಮ್ಮನೆ ಹಿಂದಕ್ಕೆ ಟಾರ್ಚು ಬಿಟ್ಟ. ಬೆರಳು ತೂರದಷ್ಟು ಸಂದು. ಅಲ್ಲಿ, ನೀರು ಮೇಲಕ್ಕೆ ಒಯ್ಯುವ ಪೈಪು ಮಡಚಿಕೊಂಡು, ಗೋಡೆಗೆ ಅಂಟಿ ಅಪ್ಪಚ್ಚಿಯಾಗಿತ್ತು.

ತೊಟ್ಟಿ ಬಂದ ದಿನ, ನೀರು ತುಂಬಿಸುವ ಮೊದಲು, ಅದನ್ನು ಗೋಡೆಗೆ ಒತ್ತಿ ನೂಕಿದವನು ಅವನೇ. ಸ್ವಲ್ಪ ದಿನದ ಮಾತು, ಹಾಲ್‌ನಲ್ಲಿ ಓಡಾಡಲು ಜಾಗವಿರಲಿ ಎಂದಿದ್ದ. ಪಾಪದ ಪೈಪು ಅಲ್ಲಿಂದೀಚೆಗೆ ದಿನಕ್ಕಿಷ್ಟು ಕುಗ್ಗುತ್ತ ಬಂದಿತ್ತು.

ಅವನು ಟಾರ್ಚು ಆರಿಸಿದ.

"ಇರೋ ಬಕೆಟ್ಟೆಲ್ಲ ತಗೊಂಬಾಮ್ಮ. ನೀರು ಖಾಲಿ ಮಾಡಿ ಇದನ್ನ ಒಂದು ಗೇಣು ಮುಂದಕ್ಕೆ ಎಳೀಬೇಕು."

"ಸೋಫಾ ಎಲ್ಲಿಗೆ ಹೋಗ್ಬೇಕು?" ಎಂದಳು ಅಮ್ಮ.

"ಎಲ್ಲಿಗಾದ್ರೂ ಹೋಗ್ಲಿ. ಮಾರಿದ್ರಾಯ್ತು!"

ಮೀನುಗಳು ಒಂದು ಬಕೆಟ್ಟಿಗಿಳಿದವು, ನೀರು ಉಳಿದವಕ್ಕೆ. ಮೂವರೂ ಹಲ್ಲು ಕಚ್ಚಿ ಎಳೆದರು. "ಮೆಲ್ಲಗೆ, ಮೆಲ್ಲಗೆ ಅಂದ್ನಲ್ಲ!" "ನೀನು ಬಿಟ್ಟೆ, ಅದಕ್ಕೇ ವಾಲ್ತು!" "ನನ್ನ ಕಾಲು ರೀ!" ಸೋಫಾ ಬಾಗಿಲಿನ ಅರ್ಧ ಮುಚ್ಚಿ ನಿಂತಿತು. ಒಳಗೆ ಬರುವವರು ಇನ್ನು ಅಡ್ಡಡ್ಡ ಬರಬೇಕು. ಅಪ್ಪ ಪೈಪಿನ ಮಡಿಕೆ ಬಿದ್ದ ತುಂಡನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಜೋಡಿಸಿದ. ಆಮೇಲೆ ನೆಲದುದ್ದಕ್ಕೂ ಹರಿದಿದ್ದ ಎಕ್ಸ್‌ಟೆನ್ಷನ್ ವೈರನ್ನು ಕಾಲಿನಿಂದ ತಳ್ಳಿ ಗೊಣಗಿದ:

"ಈ ದರಿದ್ರದ ವೈರು ಬೇರೆ. ಭಾನುವಾರ ಇಲ್ಲೇ ಗೋಡೆಗೊಂದು ಪ್ಲಗ್ ಪಾಯಿಂಟ್ ಹಾಕ್ತೀನಿ. ನಿನ್ನ ರೂಮಿಗೂ ಒಂದು ಬೇಕಾ?"

ಮಗಳು ಒದ್ದೆ ತೋಳಿನಿಂದಲೇ ಮೂಗು ಒರೆಸಿಕೊಂಡಳು.

"ಮಂಚದ ಹತ್ರ," ಎಂದಳು.

ತೊಟ್ಟಿ ತುಂಬಿ, ಸ್ವಿಚ್ ಹಾಕಿದಾಗ ಪೈಪು ಒಮ್ಮೆ ಕೆಮ್ಮಿ, ಗುಳ್ಳೆ ಉಗುಳಿ, ನೀರನ್ನು ದಪ್ಪವಾಗಿ ಸುರಿಸತೊಡಗಿತು. ತಳದ ಹಸಿರು ಗಿಡಗಳೆಲ್ಲ ಒಂದೇ ಕಡೆಗೆ ಬಾಗಿದವು. ಮೀನುಗಳು ಕೆಳಗಿಳಿದು, ಹರಿವಿಗೆ ಮುಖ ಕೊಟ್ಟು, ಬಾಲವನ್ನಷ್ಟೇ ಆಡಿಸುತ್ತ ಇದ್ದಲ್ಲೇ ನಿಂತವು.