ಮೂರು ಬಳೆಯ ರೊಟ್ಟಿ

ಕಡಲಾಚೆಯ ಸ್ಟ್ರಾಬೆರಿ ತೋಟಗಳಲ್ಲಿ ನಾಲ್ಕು ತಿಂಗಳು ಬೆನ್ನು ಬಗ್ಗಿಸಿ ಹಣ್ಣು ಕಿತ್ತು ಹ್ನಿಯಾ ಊರಿಗೆ ಮರಳಿದ್ದಳು. ಆ ಕೆಲಸಕ್ಕೆ ಜನ ಆರಿಸುವವರು ಚಿಕ್ಕ ಮಕ್ಕಳಿರುವ ಹೆಂಗಸರನ್ನೇ ಹುಡುಕುತ್ತಾರೆ. ಮಗುವಿನ ಆಸೆಗಾದರೂ ತಿರುಗಿ ಬರುತ್ತಾರೆ, ಅಲ್ಲೇ ಉಳಿಯುವುದಿಲ್ಲ ಎಂದು. ಏಳು ವರ್ಷದ ಮಗಳು ಬತೂಲ್ ಇದ್ದದ್ದರಿಂದಲೇ ಹ್ನಿಯಾಗೆ ಹಡಗು ಹತ್ತಲು ಸಿಕ್ಕಿದ್ದು. ಬತೂಲಳನ್ನು ಬಿಟ್ಟು ಹೋಗಬೇಕಾದದ್ದೂ ಅದರಿಂದಲೇ.

ಬಂದ ದಿನ ಮಗಳು ಓಡಿ ಬಂದು ತಬ್ಬಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತು, "ಬಾ ಅಮ್ಮ, ಚೀಲ ಇಲ್ಲಿಡು. ಚಹಾ ಮಾಡ್ತೀನಿ" ಎಂದಳು, ನೆಂಟರಿಗೆ ಹೇಳುವ ಹಾಗೆ. ಪುದೀನ ಚಹಾವನ್ನು ಕೈ ಎತ್ತರಿಸಿ ನೊರೆ ಬರುವಂತೆ ಲೋಟಕ್ಕೆ ಸುರಿದಳು. ಒಂದು ಹನಿಯೂ ಆಚೆ ಬೀಳಲಿಲ್ಲ.

"ಯಾರು ಕಲಿಸಿದ್ರೇ?"

"ಯಾರೂ ಇಲ್ಲ. ಹಿತ್ತಲಲ್ಲಿ ಬರೀ ನೀರು ಹಾಕ್ಕೊಂಡು ಆಡ್ತಾ ಆಡ್ತಾ ಬಂತು."

"ಬಾ, ಜಡೆ ಹಾಕ್ತೀನಿ."

"ಹಾಕ್ಕೊಂಡಿದೀನಲ್ಲ."

ಹೌದು, ಹಾಕಿಕೊಂಡಿದ್ದಳು. ಬೈತಲೆ ತುಸು ಸೊಟ್ಟಗಿತ್ತು, ಅಷ್ಟೆ. ಹ್ನಿಯಾ ಬಾಚಣಿಗೆಯನ್ನು ಮತ್ತೆ ಗೂಡಿನಲ್ಲಿಟ್ಟಳು.

ರೊಟ್ಟಿಯಾದರೂ ತನ್ನದೇ ಎಂದು ಮರುದಿನ ನಸುಕಿನಲ್ಲೇ ಎದ್ದು ಹಿಟ್ಟು ನಾದಲು ಕುಳಿತಳು. ಅವಳ ತಾಯಿ ಚಾಪೆಯ ಮೇಲಿಂದಲೇ ನೋಡಿ, "ಅಬ್ಬ, ದೊಡ್ಡ ಕೈ ಬಂತಪ್ಪ ಮನೆಗೆ" ಎಂದಳು. ಮುದುಕಿಯ ಬೆರಳುಗಳು ಸೆಟೆದುಕೊಂಡು ಎರಡು ವರ್ಷವಾಗಿತ್ತು. ಹ್ನಿಯಾ ಹಿಟ್ಟನ್ನು ನಾಲ್ಕು ದುಂಡು ರೊಟ್ಟಿಗಳಾಗಿ ತಟ್ಟಿ, ಉಬ್ಬಲು ಬಿಟ್ಟು, ಅಂಚಿನಲ್ಲಿ ಹೆಬ್ಬೆರಳು ಒತ್ತಿ ಒಂದೊಂದು ಗುಳಿ ಮಾಡಿದಳು. ಅದು ಅವಳ ಮನೆಯ ಗುರುತು. ಓಣಿಯ ಭಟ್ಟಿಗೆ ಅರವತ್ತು ಮನೆಯ ರೊಟ್ಟಿ ಬೇಯಲು ಬರುತ್ತದೆ. ಗುರುತಿಲ್ಲದ ರೊಟ್ಟಿಗೆ ಮನೆಯಿಲ್ಲ. ಅಷ್ಟರಲ್ಲಿ ಬತೂಲ್ ಶಾಲೆಗೆ ಹೋಗಿದ್ದಳು. ಹ್ನಿಯಾ ತಾನೇ ರೊಟ್ಟಿ ಜೋಡಿಸಿದ ಹಲಗೆ ಹೊತ್ತು ಹೋಗಿ ಉಳಿದ ಹಲಗೆಗಳ ಸಾಲಿನಲ್ಲಿ ಇಟ್ಟು ಬಂದಳು. ಭಟ್ಟಿಯ ಮುದುಕ ಅಲ್ಲಾಲ್ ಆಗ ಒಳಗೆ ಸೌದೆ ತಳ್ಳುತ್ತಿದ್ದ.

ಮಧ್ಯಾಹ್ನ ತರಲು ಹೋದಾಗ ಅವನು ಬೊಚ್ಚುಬಾಯಿ ತೆರೆದು ನಕ್ಕ.

"ಓಹೋ, ಸ್ಟ್ರಾಬೆರಿ ರಾಣಿ! ನಮಗೊಂದು ಹಣ್ಣೂ ತರ್ಲಿಲ್ವೇನೇ?"

"ದಾರೀಲೇ ಕೊಳೀತು ಅಲ್ಲಾಲಜ್ಜ. ರೊಟ್ಟಿ ಕೊಡಿ."

"ನಿಮ್ಮನೇದು ಇವತ್ತು ಬಂದೇ ಇಲ್ವಲ್ಲ. ಹುಡುಗಿಗೆ ಹುಷಾರಿಲ್ವೇನೋ ಅಂತ ನಾನೂ ಯೋಚನೆ ಮಾಡ್ತಿದ್ದೆ."

ಹ್ನಿಯಾ ಸುತ್ತ ನೋಡಿದಳು. ಭಟ್ಟಿಯ ಬಾಯಿಯ ಬಳಿ, ಉಳಿದವುಗಳಿಂದ ದೂರದಲ್ಲಿ, ಅವಳ ನಾಲ್ಕು ರೊಟ್ಟಿಗಳಿದ್ದವು. ಒಂದು ಮಗ್ಗುಲು ಕರಕಲಾಗಿತ್ತು.

"ಅವು ನಂದೇ ಕಣಜ್ಜ."

"ಅದಾ? ಯಾವುದೋ ಪರಸ್ಥಳದವರದ್ದು ಅಂತ ಪಕ್ಕಕ್ಕಿಟ್ಟಿದ್ದೆ."

"ಹೆಬ್ಬೆರಳ ಗುಳಿ! ಹತ್ತು ವರ್ಷದಿಂದ ನಂದು ಇದೇ ಅಲ್ವಾ?"

"ಇತ್ತು ತಾಯಿ, ಇತ್ತು." ಮುದುಕ ಮೋಟು ಸ್ಟೂಲಿನ ಮೇಲೆ ಕುಳಿತ. "ಈಗ ನಿಮ್ಮನೇದು ಮೂರು ಬಳೆ. ನೀನು ಊರು ಬಿಟ್ಟ ವಾರ ನಿನ್ನ ಮಗಳೂ ಗುಳೀನೇ ಒತ್ತಿದ್ಲು. ಅವಳ ಹೆಬ್ಬೆರಳು ಎಷ್ಟಿದೆ, ಕಡಲೆಕಾಳಷ್ಟು! ಶಾಖಕ್ಕೆ ಉಬ್ಬಿ ಗುಳಿ ಮುಚ್ಚೇ ಹೋಯ್ತು. ನಿಮ್ಮ ರೊಟ್ಟಿ ಯಾರ ಮನೆಗೋ ಹೋಯ್ತು, ಯಾರದ್ದೋ ನಿಮ್ಮನೆಗೆ ಬಂತು. ಎರಡು ದಿನ ಇಲ್ಲೇ ನಿಂತು ಅತ್ತಳು. ಮೂರನೇ ದಿನ ಪೆನ್ನಿನ ಮುಚ್ಚಳದಲ್ಲಿ ಮೂರು ಬಳೆ ಒತ್ಕೊಂಡು ಬಂದ್ಲು. ಯಾರೂ ಹೇಳ್ಕೊಟ್ಟಿದ್ದಲ್ಲ. ಈಗ ಗಡಿಯಾರ ನೋಡೋದೂ ಶಾಲೇಲಿ ಕಲ್ತಿದ್ದಾಳೆ. ಐದು ನಿಮಿಷ ತಡ ಆದ್ರೆ ನನ್ನನ್ನೇ ಗದರ್ತಾಳೆ."

ಅವನು ಹೊಗಳುತ್ತಲೇ ಇದ್ದ. ಹ್ನಿಯಾ ಕರಕಲು ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟಳು. ಹೆಮ್ಮೆ ಪಡಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಆ ಎರಡು ದಿನದ ಅಳುವನ್ನು ಫೋನಿನಲ್ಲಿ ಯಾರೂ ತನಗೆ ಹೇಳಿರಲಿಲ್ಲ.

ಸಂಜೆಗೆ ಮುಂಚೆ ಅವಳು ಬಟ್ಟೆ ಒಣಹಾಕುತ್ತಿದ್ದಾಗ ಪಾಪಾಸುಕಳ್ಳಿ ಬೇಲಿಯಾಚೆ ಹುಡುಗಿಯರ ಆಟ ಕೇಳಿಸಿತು. ಬತೂಲ್ ಸಾರ್ಡೀನ್ ಮೀನಿನ ಖಾಲಿ ಡಬ್ಬಿಯನ್ನು ಕಿವಿಗೆ ಹಿಡಿದಿದ್ದಳು. ಆಟದಲ್ಲಿ ಅವಳು ಅಮ್ಮ, ಪಕ್ಕದ ಮನೆಯ ಹುಡುಗಿ ರಬ್ಹಾ ಅವಳ ಮಗಳು. ರಬ್ಹಾಳ ತೊಡೆಯ ಮೇಲೆ ಜೊಂಡಿನ ಬೊಂಬೆ.

"ಊಟ ಆಯ್ತಾ? ಅಜ್ಜಿ ಮಾತು ಕೇಳು. ಜಾಣೆ ನೀನು, ಅಳಬಾರ್ದು. ಫೋನಿನ ದುಡ್ಡು ಮುಗೀತಾ ಬಂತು, ಇಡ್ತೀನಿ."

ಮಾತು ಮಾತ್ರವಲ್ಲ, ಕೊನೆಗೆ ಎಳೆದುಕೊಳ್ಳುವ ಉಸಿರೂ ಹ್ನಿಯಾಳದ್ದೇ ಆಗಿತ್ತು.

"ಸಾಕು ಕಣೇ, ದಿನಾ ಫೋನೇ ಆಯ್ತು," ಎಂದಳು ರಬ್ಹಾ. "ಈಗ ಅಮ್ಮ ವಾಪಸ್ ಬರೋ ಆಟ ಆಡೋಣ."

ಬತೂಲ್ ಡಬ್ಬಿಯನ್ನು ತಿರುಗಿಸಿ ನೋಡುತ್ತ ಕುಳಿತಳು.

"ಅದನ್ನ ಹೇಗೆ ಆಡೋದು ಅಂತ ನಂಗೊತ್ತಿಲ್ಲ."

ಒದ್ದೆ ಬಟ್ಟೆಯಿಂದ ಹ್ನಿಯಾಳ ಪಾದದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನನಗೂ ಗೊತ್ತಿಲ್ಲ ಕಂದ, ಎನ್ನಬೇಕೆನಿಸಿತು. ಬೇಲಿ ನಡುವೆ ಇತ್ತು. ಅವಳು ಬಟ್ಟೆಯನ್ನು ಮತ್ತೊಮ್ಮೆ ಹಿಂಡಿ ಹಗ್ಗಕ್ಕೆ ಹಾಕಿದಳು.

ಮರುದಿನ ಶುಕ್ರವಾರ. ಆ ಶಾಲೆಗೆ ಅಂದು ಮಧ್ಯಾಹ್ನದ ಪಾಠ, ಬೆಳಿಗ್ಗೆ ಬತೂಲ್ ಮನೆಯಲ್ಲೇ ಇದ್ದಳು. ಹ್ನಿಯಾ ಹಿಟ್ಟು ನಾದಿ, ತಟ್ಟಿ, ಉಬ್ಬಿದ ಮೇಲೆ ಹೆಬ್ಬೆರಳನ್ನು ಮಡಚಿಕೊಂಡು ಕೂತಳು.

"ಬತೂಲ್, ನಿನ್ನ ಮುಚ್ಚಳ ಕೊಡು. ಹೇಗೆ ಒತ್ತೋದು ತೋರಿಸು."

ಮಗಳು ಅನುಮಾನದಿಂದ ನೋಡಿದಳು. ಆಮೇಲೆ ಚೀಲದಿಂದ ನೀಲಿ ಮುಚ್ಚಳ ತಂದು ಅಮ್ಮನ ಕೈಗಿಟ್ಟಳು. ಹ್ನಿಯಾ ಒತ್ತಿ ತಿರುಗಿಸಿದಳು. ಬಳೆಯ ಬದಲು ತೂತಾಯಿತು.

"ಅಯ್ಯೋ, ತಿರುಗಿಸಬಾರ್ದು ಅಮ್ಮ! ಮೊದಲು ಒಣ ಹಿಟ್ಟಲ್ಲಿ ಅದ್ದು. ಒತ್ತು, ಎತ್ತು. ಅಷ್ಟೇ. ಕೊಡಿಲ್ಲಿ."

ಪುಟ್ಟ ಕೈ ದೊಡ್ಡ ಕೈಯಿಂದ ಮುಚ್ಚಳ ಕಿತ್ತುಕೊಂಡು ಟಕಟಕನೆ ಹನ್ನೆರಡು ಬಳೆ ಮೂಡಿಸಿತು. ಚಾಪೆಯ ಮೇಲೆ ಮುದುಕಿ, "ನಂಗೂ ಹೀಗೇ ಬೈತಾಳೆ" ಎಂದು ಕಿಸಕ್ಕನೆ ನಕ್ಕಳು.

ಹಲಗೆಯನ್ನು ತಲೆಗೇರಿಸಿದ್ದು ಬತೂಲೇ. ಹ್ನಿಯಾ ಹಿಡಿಯಲು ಕೈ ಚಾಚಿದಾಗ, "ಹಿಡೀಬೇಡ, ತೂಕ ತಪ್ಪುತ್ತೆ" ಎಂದಳು. ಹ್ನಿಯಾ ಎರಡು ಹೆಜ್ಜೆ ಹಿಂದೆ ನಡೆದಳು. ಬರಿಗೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ.

ಭಟ್ಟಿಯಲ್ಲಿ ಅಲ್ಲಾಲ್ ರೊಟ್ಟಿಯನ್ನು ಬೆರಳಿಂದ ಅದುಮಿ ನೋಡಿದ. "ಏನಮ್ಮಾ ಯಜಮಾನಿ, ಇವತ್ತು ಹಿಟ್ಟು ಬೇರೆ ಥರ ಇದೆ. ಯಾರು ನಾದಿದ್ದು?"

ಬತೂಲ್ ಹಿಂದಕ್ಕೆ ತಿರುಗಿ ನೋಡಲಿಲ್ಲ.

"ಅಮ್ಮ ನಾದಿದ್ದು," ಎಂದಳು. "ಗುರುತು ನಂದು."