ರಾಮವ್ವ ಕಟ್ಟಿದ ದಾರ

ಹುಚ್ಚುನಾಯಿ ಕಚ್ಚಿದರೆ ಗಾಯಕ್ಕೆ ಖಾರಪುಡಿ ತುಂಬಬೇಕು, ನೀರು ಸೋಕಿಸಬಾರದು, ಚಚಡಿ ಊರಿಗೆ ಹೋಗಿ ದಾರ ಕಟ್ಟಿಸಿಕೊಂಡು ಬೇರಿನ ಔಷಧ ನುಂಗಬೇಕು. ದವಾಖಾನೆಯ ಸೂಜಿ ತಾಗಿತೋ, ಔಷಧ ಕೆಟ್ಟಿತು. ಮುನವಳ್ಳಿಯ ಪರಸಪ್ಪನಿಗೆ ಇದೆಲ್ಲ ಬಾಯಿಪಾಠ. ಹಿಂದೆ ಇದೇ ಔಷಧ ನುಂಗಿದ್ದ ಅವನ ತಮ್ಮ ಬಾಳು ನೀರಿನ ತಂಬಿಗೆ ಕಂಡರೆ ಚೀರಿ ಚೀರಿ ಸತ್ತಾಗಲೂ ಊರವರು ಔಷಧವನ್ನು ದೂರಲಿಲ್ಲ. ಪಥ್ಯ ಮುರಿದು ಬದನೆಕಾಯಿ ತಿಂದನೆಂದು ಸತ್ತವನನ್ನೇ ದೂರಿದರು. ಸತ್ತವರು ಎದುರು ಮಾತಾಡುವುದಿಲ್ಲವಲ್ಲ!

ಈಗ ಮಗಳು ಮಾಲಾಳ ಕಾಲಿಗೆ ಅಂಥದೇ ನಾಯಿ ಬಾಯಿ ಹಾಕಿತ್ತು. ಸವದತ್ತಿಯ ದವಾಖಾನೆ ಹತ್ತಿರವಿದ್ದರೂ ಪರಸಪ್ಪ ಬೈಕನ್ನು ಚಚಡಿಗೆ ತಿರುಗಿಸಿದ. ಖಾರದ ಉರಿಗೆ ಹುಡುಗಿ ದಾರಿಯುದ್ದಕ್ಕೂ ಅಳುತ್ತಿದ್ದಳು.

ಚಚಡಿಯಲ್ಲಿ ದಾರ ಕಟ್ಟುತ್ತಿದ್ದ ಮುದುಕಿ ತೀರಿಕೊಂಡ ಮೇಲೆ ಆ ಕೆಲಸ ಸೊಸೆ ರಾಮವ್ವನ ಪಾಲಿಗೆ ಬಂದಿತ್ತು. ಗಾಯ ನೋಡಿದವಳೇ ಅವಳು ಸಿಡಿದಳು.

"ಏನೋ ಪರಸಪ್ಪ, ಕೂಸಿನ ಕಾಲು ಚಟ್ನಿ ಮಾಡಾಕ ಹತ್ತೀಯೇನು? ನಲ್ಲಿ ಕೆಳಗ ಕುಂಡರ್ಸು!"

ಸೋಪು ಹಚ್ಚಿ, ನೀರು ಬಿಟ್ಟು, ಕೈ ಸೋಲುವವರೆಗೂ ತೊಳೆದಳು.

"ಯವ್ವಾ, ನೀರು ತಾಗಬಾರದಂತ ನಿಮ್ಮ ಅತ್ತೀನ ಹೇಳತಿದ್ರಲ್ರಿ!"

"ಹೇಳತಿದ್ಲು. ಬಾಳೂಗೂ ಆಕೀನ ಔಷಧ ಕೊಟ್ಲು. ಉಳದನೇನು?"

ಇಷ್ಟು ವರ್ಷ ಯಾರೂ ಆಡದ ಮಾತು ಅದು.

"ಈಗಿಂದೀಗ ಸವದತ್ತಿಗೆ ಹೋಗಿ ಸೂಜಿ ಮಾಡ್ಸು."

"ಸೂಜಿ ಮಾಡ್ಸಿದ್ರ ದಾರ ಕೆಡತೈತಲ್ರಿ?"

ರಾಮವ್ವ ಹುಡುಗಿಯ ಕೈಗೆ ಅರಿಷಿಣದ ದಾರ ಕಟ್ಟಿ, ಉಳಿದ ತುದಿಗೆ ಸಾಲಾಗಿ ಗಂಟು ಹಾಕಿದಳು. "ಈ ದಾರದ ಪಥ್ಯಾನ ಬ್ಯಾರೆ. ಒಂದು ಸೂಜಿ ಆದ ಮ್ಯಾಲೆ ಒಂದು ಗಂಟು ಬಿಚ್ಚತೇನಿ. ನಡುವ ಬಿಟ್ಟಿ ಅಂದ್ರ ದೇವಿ ಎಲ್ಲವ್ವ ಸುಮ್ನ ಬಿಡೂದಿಲ್ಲ!"

ಡಾಕ್ಟರ ಮಾತಾದರೆ ಹೇಗೋ ಮೀರಬಹುದಿತ್ತು. ಎಲ್ಲವ್ವನ ಮಾತು ಮೀರುವುದುಂಟೇ? ಜೋಳದ ಸುಗ್ಗಿ ಬಿಟ್ಟು ಪರಸಪ್ಪ ಓಡಾಡಿದ, ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ಆದರೂ ಮಗಳು ತಂಬಿಗೆಗೆ ಕೈ ಹಾಕಿದಾಗಲೆಲ್ಲ ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತಿದ್ದ. ಆ ಹೆದರಿಕೆಯನ್ನು ಹೆಂಡತಿಗೂ ಹೇಳಿರಲಿಲ್ಲ.

ಕಡೆಯ ಗಂಟು ಬಿಚ್ಚಿದ ದಿನ ಬಿಸಿಲು ಧಗಧಗ ಅನ್ನುತ್ತಿತ್ತು. ಮಾಲಾ ರಾಮವ್ವನ ತಂಬಿಗೆ ಎತ್ತಿ, ಗಟಗಟನೆ ಕುಡಿದು, ಅಂಗಿಯೆಲ್ಲ ತೋಯಿಸಿಕೊಂಡು, "ಇನ್ನೀಟು ನೀರು ಕೊಡ್ರಿ, ಆಯಿ" ಎಂದಳು.

ಪರಸಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತ. ಸಂತೋಷಕ್ಕೂ ಅತ್ತ, ಬರೀ ಸಂತೋಷಕ್ಕಲ್ಲ.

"ನಮ್ಮ ಬಾಳು ಬದನಿಕಾಯಿ ಮುಟ್ಟಿದ್ದೇ ಇಲ್ರಿ, ಯವ್ವಾ."

"ನನಗ ಗೊತ್ತೈತೋ ತಮ್ಮಾ" ಎಂದು ರಾಮವ್ವ ತಂಬಿಗೆಯನ್ನು ಮತ್ತೆ ತುಂಬಿಸಿ ಕೊಟ್ಟಳು.